ವಾಹನಗಳ ಮೇಲಿನ ಕಾಮನಬಿಲ್ಲು: ಒಂದು ಅರ್ಥವಿಚಾರ

ಸೂರ್ಯನ ಬೆಳಕು ಮಳೆಹನಿಯನ್ನು ಹೊಕ್ಕು, ಒಳಗೆ ಪ್ರತಿಫಲಿಸಿ, ಬಣ್ಣಬಣ್ಣವಾಗಿ ಹೊರಬರುವುದರಿಂದ ಮಳೆಬಿಲ್ಲು ಉಂಟಾಗುತ್ತದೆ. ಅದಕ್ಕೆ ಸ್ವತಃ ಯಾವ ಅರ್ಥವೂ ಇಲ್ಲ. ಅರ್ಥವನ್ನು ಆರೋಪಿಸುವವನು ಮನುಷ್ಯ. ಸಂಸ್ಕೃತಕ್ಕೆ ಅದು ಇಂದ್ರಧನುಸ್ಸು, ಕನ್ನಡಕ್ಕೆ ಕಾಮನಬಿಲ್ಲು. ಬೈಬಲ್ಲಿನ ನೋಹನ ಕಥೆಯಲ್ಲಿ ಅದು ಪ್ರಳಯಾನಂತರ ದೇವರಿತ್ತ ಅಭಯದ ಗುರುತು. ಇಂತಹ ಬಹ್ವರ್ಥದ ಚಿಹ್ನೆಯು ಸಾರ್ವಜನಿಕ ವಾಹನಗಳ ಮೈಮೇಲೇರಿದಾಗ ಅದನ್ನು ಹೇಗೆ ತಿಳಿಯಬೇಕೆಂಬುದು ವಿಚಾರಾರ್ಹವಾದುದು. ಗ್ರಂಥವನ್ನು ಬೇಕಾದವರು ಮಾತ್ರ ಓದುತ್ತಾರೆ. ಬೀದಿಯಲ್ಲಿ ಸಾಗುವ ಬಸ್ಸನ್ನು ಎಲ್ಲರೂ ಓದುತ್ತಾರೆ.

1978ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಗಿಲ್ಬರ್ಟ್ ಬೇಕರ್ ಎಂಬ ಕಲಾವಿದನು ಲೈಂಗಿಕ ಅಲ್ಪಸಂಖ್ಯಾತರಿಗಾಗಿ 8 ಪಟ್ಟಿಗಳ ಧ್ವಜವನ್ನು ರೂಪಿಸಿದನು. ಕೆಂಪು ಜೀವಕ್ಕೆ, ಹಳದಿ ಸೂರ್ಯನಿಗೆ, ಹಸಿರು ಪ್ರಕೃತಿಗೆ ಎಂದು ಪ್ರತಿಯೊಂದು ಬಣ್ಣಕ್ಕೂ ಅರ್ಥವನ್ನು ನಿಯಮಿಸಲಾಗಿತ್ತು. ಮುಂದೆ 6 ಪಟ್ಟಿಗಳ ರೂಪವೇ ರೂಢಿಗೆ ಬಂದಿತು. ಈ ಬಣ್ಣಗಳನ್ನು ತಳೆದ ಬಸ್ಸು 2015ರಲ್ಲಿ ಲಂಡನ್ನಿನ ಬೀದಿಗಿಳಿಯಿತು. ವಿಯೆನ್ನಾ ನಗರದಲ್ಲಿ ಜೂನ್ ತಿಂಗಳಿನಲ್ಲಿ ಟ್ರಾಮ್‌ಗಳಿಗೆ ಇದೇ ಬಣ್ಣದ ಪುಟ್ಟ ಧ್ವಜಗಳನ್ನು ಕಟ್ಟುವ ರೂಢಿಯುಂಟು.

2020ರಲ್ಲಿ ಕೋವಿಡ್ ವ್ಯಾಧಿ ಹಬ್ಬಿದಾಗ ಬ್ರಿಟನ್ನಿನ ಮಕ್ಕಳು ಕಾಮನಬಿಲ್ಲನ್ನು ಬರೆದು ಮನೆಯ ಕಿಟಕಿಗಳಿಗೆ ಅಂಟಿಸಿದರು. ಅದು ಆ ದೇಶದ ಸಾರ್ವಜನಿಕ ಆರೋಗ್ಯ ಸೇವೆಯವರಿಗೆ ಸಲ್ಲಿಸುವ ಕೃತಜ್ಞತೆಯ ಚಿಹ್ನೆಯಾಗಿ ಬಸ್ಸುಗಳ ಮೇಲೂ ಮೂಡಿತು. ತಮ್ಮ ಧ್ವಜದ ಅರ್ಥವು ಇದರಿಂದ ಮರೆಯಾದೀತೆಂದು ಲೈಂಗಿಕ ಅಲ್ಪಸಂಖ್ಯಾತರಲ್ಲಿ ಕೆಲವರು ಆತಂಕಪಟ್ಟರು.

ಒಂದೇ ಶಬ್ದಕ್ಕೆ ಹಲವು ಅರ್ಥಗಳಿರುವಾಗ ನಿರ್ಣಯ ಹೇಗೆ? ಈ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ಎತ್ತಿಕೊಂಡಿದ್ದಾರೆ. 'ಸೈಂಧವವನ್ನು ತಾ' ಎಂದರೆ ಊಟದ ವೇಳೆಯಲ್ಲಿ ಉಪ್ಪು, ಪ್ರಯಾಣದ ವೇಳೆಯಲ್ಲಿ ಕುದುರೆ. ಪ್ರಕರಣ, ದೇಶ, ಕಾಲ, ಲಿಂಗ ಎಂದರೆ ಗುರುತು, ಅನ್ಯಶಬ್ದದ ಸಾನ್ನಿಧ್ಯ ಮೊದಲಾದವುಗಳನ್ನು ಅರ್ಥನಿರ್ಣಯದ ಸಾಧನಗಳೆಂದು ಭರ್ತೃಹರಿಯ ವಾಕ್ಯಪದೀಯವು ಎಣಿಸಿದೆ. ಈ ಸೂತ್ರವು ಬಸ್ಸಿಗೂ ಸಲ್ಲುತ್ತದೆ. ನೇರವಾದ 6 ಪಟ್ಟಿಗಳಿದ್ದರೆ ಅದು ಧ್ವಜದ ಗುರುತು. ಮೋಡಗಳ ನಡುವೆ ಬಾಗಿದ ಕಮಾನಾಗಿದ್ದರೆ ಮಕ್ಕಳ ಚಿತ್ರದ ಗುರುತು. ಪಕ್ಕದಲ್ಲಿ 'ಧನ್ಯವಾದ' ಎಂದು ಬರೆದಿದ್ದರೆ ಆ ಶಬ್ದದ ಸಾನ್ನಿಧ್ಯವೇ ಕೃತಜ್ಞತೆಯನ್ನು ಸ್ಥಿರಪಡಿಸುತ್ತದೆ. ವಿಯೆನ್ನಾದ ಟ್ರಾಮಿನಲ್ಲಿ ಜೂನ್ ತಿಂಗಳೇ ಅರ್ಥವನ್ನು ಹೇಳುತ್ತದೆ. ಉಪ್ಪೆಂಬ ಅರ್ಥವು ಕುದುರೆಯೆಂಬ ಅರ್ಥವನ್ನು ಹೇಗೆ ಅಳಿಸದೋ, ಹಾಗೆಯೇ ಈ ಎರಡು ಅರ್ಥಗಳೂ ಒಂದನ್ನೊಂದು ಅಳಿಸಬೇಕಾಗಿಲ್ಲ. ಆದರೆ ಚಿತ್ರಿಸುವವರು ನಿರ್ಣಾಯಕವಾದ ಗುರುತನ್ನು ಬಿಡಬಾರದು. ನೋಡುವವರು ಅದನ್ನು ಗಮನಿಸದೆ ತೀರ್ಪು ನೀಡಬಾರದು.

ಇನ್ನೊಂದು ಅಂಶವೂ ಇದೆ. ರಾತ್ರಿಯ ಸೇವೆ ಮುಗಿಸಿದ ದಾದಿಯೂ, ಸ್ವಂತ ಮನೆಯಲ್ಲೇ ತಿರಸ್ಕೃತನಾದ ತರುಣನೂ ಒಂದೇ ಬಸ್ಸನ್ನು ಕಾಯುತ್ತಿರಬಹುದು. ಹೊರಮೈಯ ಬಣ್ಣ ಇಬ್ಬರಿಗೂ ಗೌರವದ ಮಾತನ್ನು ಕೊಡುತ್ತದೆ. ಒಳಗೆ ಅವರಿಗೆ ಅವಮಾನವಾದರೆ ಆ ಮಾತು ಸುಳ್ಳಾಗುತ್ತದೆ. ಚಿಹ್ನೆಯ ಅರ್ಥವನ್ನು ಕೊನೆಗೆ ಉಳಿಸಿಕೊಡುವುದು ಬಣ್ಣವಲ್ಲ, ಜನರ ನಡತೆ.