ಎಡಗೈಯ ಪಿಯಾನೊ: ವ್ಯಕ್ತಿಚಿತ್ರ ಬೋಧನೆಗೆ ಒಂದು ಪಾಠ

ತರಗತಿ: 9. ವಿಷಯ: ಪ್ರಥಮ ಭಾಷೆ ಕನ್ನಡ. ಘಟಕ: ವ್ಯಕ್ತಿಚಿತ್ರ. ಅವಧಿ: 40 ನಿಮಿಷ.

ವ್ಯಕ್ತಿಚಿತ್ರ ಬೋಧಿಸುವಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಹುಟ್ಟು, ಓದು, ಸಾಧನೆ, ಪ್ರಶಸ್ತಿ ಎಂಬ ನಾಲ್ಕು ಮೆಟ್ಟಿಲು ಹತ್ತಿ ಪಾಠ ಮುಗಿಸಿಬಿಡುವುದುಂಟು. ವ್ಯಕ್ತಿಗೆ ಅಂಗವೈಕಲ್ಯವಿದ್ದರೆ ಐದನೆಯ ಮೆಟ್ಟಿಲೊಂದು ಸೇರುತ್ತದೆ: ಕರುಣೆ. ಆ ಮೆಟ್ಟಿಲನ್ನು ತಪ್ಪಿಸಿ ಪಾಠ ಮಾಡುವುದು ಹೇಗೆ ಎಂಬುದಕ್ಕೆ ವಿಯೆನ್ನಾದ ಪಿಯಾನೊ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್ ಅವರ ಜೀವನವನ್ನು ಇಲ್ಲಿ ತೆಗೆದುಕೊಂಡಿದೆ.

ಅಭಿಪ್ರೇರಣೆ (5 ನಿಮಿಷ)

ಮಕ್ಕಳು ಎಡಗೈಯನ್ನು ಡೆಸ್ಕಿನ ಮೇಲಿಡಲಿ. ಕಿರುಬೆರಳಿನಿಂದ ನಿಧಾನವಾಗಿ ತಾಳ ಹಾಕುತ್ತ, ಪ್ರತಿ ತಟ್ಟಿಗೆ ಹೆಬ್ಬೆರಳಿನಿಂದ ಎರಡು ಸಲ ತಟ್ಟಲಿ. ಅರ್ಧ ನಿಮಿಷದಲ್ಲಿ ಕೈ ಸೋಲುತ್ತದೆ, ಲೆಕ್ಕ ತಪ್ಪುತ್ತದೆ, ತರಗತಿ ನಗುತ್ತದೆ. ಆಗ ಕೇಳಿ: “ಹೀಗೆ ಒಂದೇ ಕೈಯಲ್ಲಿ ಎರಡು ಕೆಲಸ ಮಾಡಲು ಎಷ್ಟು ದಿನ ಅಭ್ಯಾಸ ಬೇಕು?” ಕೈ ಆಡಿಸಲು ತೊಂದರೆಯಿರುವ ಮಗುವಿದ್ದರೆ ಎಲ್ಲರಿಗೂ “ನಿಮಗೆ ಅನುಕೂಲವಾದ ಕೈ” ಎಂದೇ ಹೇಳಿ, ಆ ಮಗುವನ್ನು ಬೇರೆಯಾಗಿ ಹೆಸರಿಸಬೇಡಿ.

ವಿಷಯ ನಿರೂಪಣೆ (15 ನಿಮಿಷ)

ಪಾಲ್ 1887ರಲ್ಲಿ ವಿಯೆನ್ನಾದ ಶ್ರೀಮಂತ ಉಕ್ಕಿನ ಉದ್ಯಮಿಯ ಮಗನಾಗಿ ಹುಟ್ಟಿದರು. ಬ್ರಾಮ್ಸ್ ಅವರಂಥ ಸಂಗೀತಗಾರರು ಬಂದುಹೋಗುತ್ತಿದ್ದ ಮನೆ ಅದು. ತಮ್ಮ ಲುಡ್ವಿಗ್ ಮುಂದೆ ಪ್ರಸಿದ್ಧ ತತ್ವಜ್ಞಾನಿಯಾದರು. 1920ರಿಂದ 1926ರವರೆಗೆ ಆಸ್ಟ್ರಿಯಾದ ಹಳ್ಳಿಗಳಲ್ಲಿ ಶಾಲಾ ಶಿಕ್ಷಕರೂ ಆಗಿದ್ದರು.

ಪಾಲ್ 1913ರ ಡಿಸೆಂಬರ್‌ನಲ್ಲಿ ಮೊದಲ ದೊಡ್ಡ ಕಛೇರಿ ನೀಡಿದರು. ಮರುವರ್ಷ ಯುದ್ಧ. ಗಾಯಗೊಂಡ ಅವರ ಬಲಗೈಯನ್ನು ಕತ್ತರಿಸಬೇಕಾಯಿತು. ರಷ್ಯನ್ನರ ಸೆರೆಯಾಳಾಗಿ ಸೈಬೀರಿಯದ ಓಮ್ಸ್ಕ್ ಸೇರಿದರು. ಅಲ್ಲಿ ಮರದ ಪೆಟ್ಟಿಗೆಯ ಮೇಲೆ ಕೀಲಿಮಣೆಯ ಗೆರೆ ಎಳೆದು ಬೆರಳಾಡಿಸಿ ಅಭ್ಯಾಸ ಮಾಡಿದರು. ತಮ್ಮ ಗುರು, ದೃಷ್ಟಿಯಿಲ್ಲದ ಸಂಗೀತಗಾರ ಯೋಸೆಫ್ ಲಾಬೋರ್ ಅವರಿಗೆ ಪತ್ರ ಬರೆದು ಎಡಗೈಗಾಗಿ ಒಂದು ಕೃತಿ ರಚಿಸಿಕೊಡಲು ಕೇಳಿದರು. 1915ರಲ್ಲಿ ಬಿಡುಗಡೆಯಾಗಿ ಮರಳಿ, 1916ರಲ್ಲಿ ಆ ಗುರುವಿನ ಕೃತಿಯೊಡನೆ ಮತ್ತೆ ವೇದಿಕೆ ಏರಿದರು.

ಒಂದು ಕೈ ಎರಡು ಕೈಗಳಂತೆ ಕೇಳಿಸುವುದು ಹೇಗೆ? ಇದನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿ. ಪಿಯಾನೊದಲ್ಲಿ ಸ್ವರ ಎಡದಿಂದ ಬಲಕ್ಕೆ ಏರುತ್ತದೆ. ಎಡಗೈಯ ಹೆಬ್ಬೆರಳು ಬಲಗಡೆಗೆ, ಅಂದರೆ ಏರು ಸ್ವರಗಳ ಕಡೆಗೆ ಬರುತ್ತದೆ. ಬಲವಾದ ಆ ಬೆರಳೇ ರಾಗದ ಎಳೆ ಹಿಡಿಯಬಲ್ಲದು. ಕೆಳಸ್ವರ ನುಡಿಸಿ ಕಾಲಿನ ಪೆಡಲ್ ಒತ್ತಿ ಹಿಡಿದರೆ ಬೆರಳು ಎತ್ತಿದರೂ ನಾದ ನಿಲ್ಲುವುದಿಲ್ಲ. ಅಷ್ಟರಲ್ಲಿ ಕೈ ಮೇಲಕ್ಕೆ ಹಾರುತ್ತದೆ. ಇದು ಪವಾಡವಲ್ಲ, ವಿಧಾನ.

ಮನೆತನದ ಹಣದಿಂದ ಪಾಲ್ ಹೆಸರಾಂತ ರಚನಕಾರರಿಂದ ಕೃತಿಗಳನ್ನು ಬರೆಸಿಕೊಂಡರು: ರಿಚರ್ಡ್ ಸ್ಟ್ರಾಸ್, ಪ್ರೊಕೊಫಿಯೆವ್, ಬ್ರಿಟನ್, ರವೆಲ್. ರವೆಲ್ ಅವರ ಎಡಗೈ ಕಾನ್ಸರ್ಟೊ 1932ರ ಜನವರಿ 5ರಂದು ವಿಯೆನ್ನಾದಲ್ಲಿ ಮೊದಲು ನುಡಿಯಿತು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ, ಯೆಹೂದಿ ಮೂಲದವರಾದ ಪಾಲ್ ಅಮೆರಿಕಕ್ಕೆ ಹೋದರು. ಅಲ್ಲಿ ಕಲಿಸಿದರು, ಎಡಗೈ ಅಭ್ಯಾಸದ ಪುಸ್ತಕಗಳನ್ನು ಪ್ರಕಟಿಸಿದರು. 1961ರಲ್ಲಿ ತೀರಿಕೊಂಡರು.

ಭಾಷಾ ಚಟುವಟಿಕೆ (10 ನಿಮಿಷ)

ಪಾಠದ ತಿರುಳು ಇಲ್ಲಿದೆ. ಹಲಗೆಯ ಮೇಲೆ ಬರೆಯಿರಿ: “ಒಂದೇ ಕೈ ಇದ್ದರೂ ಪಿಯಾನೊ ನುಡಿಸಿದರು.” ಈ “ಇದ್ದರೂ” ಏನು ಹೇಳುತ್ತಿದೆ ಎಂದು ಕೇಳಿ. ಅವರಿಂದ ಇದನ್ನು ನಾವು ನಿರೀಕ್ಷಿಸಿರಲಿಲ್ಲ ಎಂಬ ನಮ್ಮ ಮನಸ್ಸಿನ ಮಾತು ಆ ಪ್ರತ್ಯಯದಲ್ಲಿ ಅಡಗಿದೆ. ಈಗ “ಇದ್ದರೂ” ಬಳಸದೆ ವಾಕ್ಯ ಬರೆಯಲು ಹೇಳಿ. “ಹೆಬ್ಬೆರಳಿನಲ್ಲಿ ರಾಗ ಹಿಡಿದು, ಪೆಡಲಿನಿಂದ ನಾದ ಉಳಿಸಿ ನುಡಿಸಿದರು” ಎಂಬಂಥ ಉತ್ತರ ಬರಬೇಕು. ಮೊದಲ ವಾಕ್ಯ ಕೊರತೆಯನ್ನು ಹೇಳಿತು, ಎರಡನೆಯದು ಕೌಶಲವನ್ನು. ವ್ಯಾಕರಣ ಬರೀ ಅಂಕಕ್ಕಲ್ಲ ಎಂಬುದು ಮಕ್ಕಳಿಗೆ ಹೊಳೆಯುವ ಗಳಿಗೆ ಇದು, ಅವಸರ ಮಾಡಬೇಡಿ.

ಚರ್ಚೆ ಮತ್ತು ಮೌಲ್ಯಮಾಪನ (10 ನಿಮಿಷ)

ಪಾಲ್ ಅವರನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕುವುದೂ ತಪ್ಪು. ಅವರು ರವೆಲ್ ಕೃತಿಯನ್ನು ತಮಗೆ ಬೇಕಾದಂತೆ ಬದಲಿಸಿ ನುಡಿಸಿದರು, ರವೆಲ್ ಸಿಟ್ಟಾದರು. ಪ್ರೊಕೊಫಿಯೆವ್ ಬರೆದುಕೊಟ್ಟ ಕಾನ್ಸರ್ಟೊವನ್ನು ಅವರು ನುಡಿಸಲೇ ಇಲ್ಲ. 1956ರಲ್ಲಿ ಅದನ್ನು ಮೊದಲು ನುಡಿಸಿದವರು ಸೀಗ್‌ಫ್ರೀಡ್ ರಾಪ್. ಅವರೂ ಎರಡನೆಯ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರೇ.

1. ಪೆಡಲ್ ಇಲ್ಲದಿದ್ದರೆ ಪಾಲ್ ಅವರ ವಾದನದಲ್ಲಿ ಏನು ಬದಲಾಗುತ್ತಿತ್ತು?
2. ಹಣ, ಗುರು, ಅಭ್ಯಾಸ: ಮೂರರಲ್ಲಿ ಒಂದಿಲ್ಲದಿದ್ದರೆ ಈ ಕಥೆ ಹೇಗಿರುತ್ತಿತ್ತು?
3. ಕೃತಿಯನ್ನು ಬದಲಿಸುವ ಹಕ್ಕು ವಾದಕನಿಗೆ ಇದೆಯೇ? ಕಾರಣ ಕೊಡಿ.

ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಛಲವಿದ್ದರೆ ಸಾಕು ಎಂದು ಕಲಿಸಿದರೆ, ಸೋತ ಮಗುವಿಗೆ ಛಲವಿರಲಿಲ್ಲ ಎಂದೂ ಕಲಿಸಿದಂತಾಗುತ್ತದೆ.

ಮೇಲ್ವಿಚಾರಕರಿಗೆ

ಪಾಠ ವೀಕ್ಷಿಸುವಾಗ ಶಿಕ್ಷಕರ ಬಾಯಲ್ಲಿ “ಪಾಪ” ಮತ್ತು “ಇದ್ದರೂ” ಎಷ್ಟು ಸಲ ಬಂದವು ಎಂದು ಗುರುತು ಹಾಕಿಕೊಳ್ಳಿ. ವಿಮರ್ಶೆಯ ಹೊತ್ತಿಗೆ ಪ್ರಶಿಕ್ಷಣಾರ್ಥಿಗೆ ಆ ಲೆಕ್ಕವನ್ನಷ್ಟೇ ತೋರಿಸಿ. ಮುಂದಿನ ಪಾಠವನ್ನು ಅವರೇ ತಿದ್ದಿಕೊಳ್ಳಲು ಅಷ್ಟು ಸಾಕು.