ಹೂವಿನ ಬಣ್ಣ ಹೂವಿನದೇ ಇರಲಿ

ಮಗಳೇ, ನೀನು ಕ್ಯಾಮೆರಾ ಕೊಂಡ ದಿನದಿಂದ ಈ ನಾಲ್ಕು ಮಾತು ಹೇಳಬೇಕೆಂದಿದ್ದೆ. ಮಾಗಿಯ ಚಳಿ ಮುಗಿಯುವ ಮೊದಲೇ ಹೇಳಿಬಿಡುತ್ತೇನೆ.

ಡಿಸೆಂಬರ್ ಕೊನೆಯಲ್ಲಿ ನಮ್ಮ ತುಮಕೂರಿನ ಕಡೆ ಸೂರ್ಯ ನೆತ್ತಿಗೆ ಬರುವುದಿಲ್ಲ. ನಡುಮಧ್ಯಾಹ್ನವೂ ದಿಗಂತದಿಂದ 53 ಡಿಗ್ರಿ ಎತ್ತರದ ಆಸುಪಾಸಿನಲ್ಲೇ ದಕ್ಷಿಣಕ್ಕೆ ವಾಲಿರುತ್ತಾನೆ. ಓರೆಯಾಗಿ ಬೀಳುವ ಆ ಬೆಳಕು ಗಿಡದ ಮೈಯನ್ನೆಲ್ಲ ತಡವಿ ತೋರಿಸುತ್ತದೆ. ದೇವರಾಯನದುರ್ಗದ ಕುರುಚಲು ಕಾಡಿಗೆ ಹೋದರೆ ಬೆಳಗಿನ ಆರೂವರೆಗೇ ಅಲ್ಲಿರು. ಗಾಳಿ ಏಳುವ ಮುಂಚೆ, ಗಿಡ ನಿನಗೂ ಸೂರ್ಯನಿಗೂ ನಡುವೆ ಬರುವಂತೆ ನೆಲಕ್ಕೆ ಮಂಡಿಯೂರು. ಉತ್ತರಾಣಿಯ ತೆನೆಯ ಒಂದೊಂದು ಮುಳ್ಳೂ ಬೆಳಕಿನ ಅಂಚು ಉಟ್ಟಿರುತ್ತದೆ.

ತುಂಬೆ ಹೂವಿನ ಹತ್ತಿರ ಎಚ್ಚರ. ಸುತ್ತಲಿನ ನೆರಳನ್ನು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸಿಕೊಳ್ಳುತ್ತದೆ, ಬಿಳಿ ಎಸಳು ಸುಟ್ಟುಹೋಗುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸು, ರಾ ಫೈಲಿನಲ್ಲೇ ತೆಗೆ. ನೆರಳಿನಲ್ಲಿ ಉಳಿದದ್ದನ್ನು ಆಮೇಲೆ ಮೇಲೆತ್ತಬಹುದು, ಸುಟ್ಟ ಬಿಳಿ ಮರಳಿ ಬಾರದು.

ವಿಷ್ಣುಕ್ರಾಂತಿಗೆ ತಾಳ್ಮೆ ಬೇಕು. ಬಿಸಿಲು ತಾಕಿದ ಮೇಲೆ ಅರಳಿ, ಹೊತ್ತೇರಿದಂತೆ ಮುದುಡುವ ಪುಟ್ಟ ನೀಲಿ ಹೂವದು. ಅದರ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ. ಕಂಪ್ಯೂಟರಿನಲ್ಲಿ ಆ ನೀಲಿಯನ್ನು ಏರಿಸುತ್ತ ಹೋದೆ. ಚಿತ್ರ ನೋಡಿದವರೆಲ್ಲ ಹೊಗಳಿದರು. ಒಮ್ಮೆ ನಾಟಿ ಔಷಧಿ ಕೊಡುವ ಅಜ್ಜಿಯೊಬ್ಬರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಇದು ನಮ್ಮ ಕಡೆ ಹೂವಲ್ಲ ಕಣಪ್ಪ" ಎಂದರು. ಹೆಸರು ಹೇಳಿದಾಗ ಅವರು ವಾದಿಸಲಿಲ್ಲ. ಕೈಹಿಡಿದು ಹೊಲದ ಬದುವಿಗೆ ಕರೆದೊಯ್ದು ಹೂವನ್ನೇ ತೋರಿಸಿದರು. ಜೀವಮಾನವಿಡೀ ಆ ಗಿಡವನ್ನು ಕಿತ್ತು ಕಷಾಯ ಕಾಯಿಸಿದವರಿಗೇ ಗುರುತು ಸಿಗದಂತೆ ನಾನು ಅದನ್ನು ಬದಲಿಸಿದ್ದೆ.

ಅಂದಿನಿಂದ ನನ್ನ ಚೀಲದಲ್ಲಿ ಒಂದು ಬಿಳಿ ಹಾಳೆ ಇರುತ್ತದೆ. ಹೂವಿನ ನೆರಳಿನ ಬದಿಗೆ ಹಿಡಿದರೆ ಬೆಳಕು ತುಂಬುತ್ತದೆ. ಅದೇ ಬಿಸಿಲಿನಲ್ಲಿ ಹಾಳೆಯದೂ ಒಂದು ಚಿತ್ರ ತೆಗೆದುಕೊ. ಎಡಿಟ್ ಮಾಡುವಾಗ ವೈಟ್ ಬ್ಯಾಲೆನ್ಸ್ ಎಷ್ಟು ಸರಿದಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಹಾಳೆ ಅಚ್ಚ ಬಿಳಿಯಾಗುವವರೆಗೂ ತಿದ್ದಬೇಡ. ಎಳೆಬಿಸಿಲಿನ ಅರಿಶಿನ ತುಸು ಉಳಿಯಲಿ, ಆ ಬೆಳಗ್ಗೆ ಇದ್ದದ್ದೇ ಅದು. ಹೂವಿನ ಬಣ್ಣ ಹೇಗಿತ್ತೆಂದು ಅಲ್ಲೇ ಕೂತು ಎರಡು ಸಾಲು ಬರೆದಿಟ್ಟುಕೊ. ಮನೆಗೆ ಬರುವಷ್ಟರಲ್ಲಿ ನೆನಪು ಬಣ್ಣ ಬದಲಿಸಿರುತ್ತದೆ.

ಚಿತ್ರಕ್ಕೆ ಅಡ್ಡ ಬಂದ ಹುಲ್ಲನ್ನು ಕೀಳಬೇಡ, ದಾರದಿಂದ ಪಕ್ಕಕ್ಕೆ ಬಾಗಿಸಿ ಕಟ್ಟು, ಹೊರಡುವಾಗ ಬಿಚ್ಚು. ಇಬ್ಬನಿ ಇಲ್ಲದ ದಿನ ನೀರು ಚಿಮುಕಿಸಿ ಇಬ್ಬನಿ ಮಾಡಬೇಡ. ಹೂವಿನ ಜೊತೆ ಎಲೆ, ಕಾಂಡ, ಅದು ಬೇರೂರಿದ ಮಣ್ಣನ್ನೂ ತೆಗೆ.

ಚಿತ್ರ ಮುಗಿಯಿತೋ ಇಲ್ಲವೋ ಎಂಬ ಅನುಮಾನ ಬಂದರೆ, ದನ ಕಾಯುವವರಿಗೋ ಸೊಪ್ಪು ತರುವವರಿಗೋ ತೋರಿಸು. ಅವರು ನೋಡಿದೊಡನೆ ಗಿಡದ ಹೆಸರು ಹೇಳಿದರೆ ಅಲ್ಲಿಗೆ ನಿಲ್ಲಿಸು, ಮಗಳೇ.