ಫೆಬ್ರವರಿ 30 ಇರುವ ಕ್ಯಾಲೆಂಡರ್

ತರಗತಿ: ಪ್ರಥಮ ಪಿಯುಸಿ, ಗಣಕವಿಜ್ಞಾನ
ಉದ್ದೇಶ: ಹವಾಮಾನ ಮಾದರಿಯ ದತ್ತಾಂಶದಿಂದ ಬೇಕಾದ ದಿನಾಂಕಗಳನ್ನು ಆರಿಸುವುದು
ಪೂರ್ವಜ್ಞಾನ: ಅಧಿಕ ವರ್ಷ, ಪೈಥಾನ್‌ನ ಮೂಲಪಾಠ

ಪೀಠಿಕೆ
ಲೆಕ್ಕ ಸುಲಭವಾಗಲೆಂದು ಹಲವು ಹವಾಮಾನ ಮಾದರಿಗಳು ವರ್ಷವನ್ನೇ ಸರಳಗೊಳಿಸುತ್ತವೆ. ಕೆಲವದರಲ್ಲಿ ಫೆಬ್ರವರಿ 29 ಇಲ್ಲ. ಎಲ್ಲ ವರ್ಷಕ್ಕೂ 365 ದಿನ. ಬ್ರಿಟನ್ನಿನ ಹ್ಯಾಡ್‌ಜೆಮ್2-ಇಎಸ್ ಮಾದರಿಯಲ್ಲಿ ಪ್ರತಿ ತಿಂಗಳಿಗೂ 30 ದಿನ, ವರ್ಷಕ್ಕೆ 360. ಅಲ್ಲಿ ಫೆಬ್ರವರಿ 30 ಇದೆ, ಜನವರಿ 31 ಇಲ್ಲ. ಇಂಥ ಕಡತದಲ್ಲಿ ಸಾಮಾನ್ಯವಾಗಿ ದಿನಾಂಕದ ಬದಲು ‘2000ರ ಜನವರಿ 1ರಿಂದ ಇಷ್ಟು ದಿನ’ ಎಂಬ ಸಂಖ್ಯೆ ಇರುತ್ತದೆ. ಜೊತೆಗೆ ಕ್ಯಾಲೆಂಡರಿನ ಹೆಸರಿರುತ್ತದೆ.

ನಡೆದದ್ದು
360 ದಿನಗಳ ಕ್ಯಾಲೆಂಡರಿನಲ್ಲಿ 3600ನೆಯ ಸಂಖ್ಯೆ ಯಾವ ದಿನಾಂಕ ಎಂದು ಕೇಳಿದೆ. ನಾನು ಮೊದಲೇ ಪೈಥಾನ್‌ನ ಮಾಮೂಲಿ ದಿನಾಂಕಕ್ಕೆ 3600 ದಿನ ಕೂಡಿಸಿ, 2009ರ ನವೆಂಬರ್ 9 ಎಂದು ಬರೆದಿಟ್ಟುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, 2010ರ ಜನವರಿ 1” ಎಂದಳು. ತಪ್ಪು ಎಂದು ಕೂರಿಸಿದೆ. ಅವಳು ಕೂರುತ್ತಲೇ, “3600ನ್ನು 360ರಿಂದ ಭಾಗಿಸಿದರೆ ಸರಿಯಾಗಿ ಹತ್ತು ವರ್ಷ ಅಲ್ವಾ ಮಿಸ್?” ಎಂದಳು. ಅವಳೇ ಸರಿ. ಕ್ಯಾಲೆಂಡರಿನ ಹೆಸರನ್ನು ಬಿಟ್ಟು ಸಂಖ್ಯೆಯನ್ನಷ್ಟೇ ನಾನು ಓದಿದ್ದೆ. ಮರುದಿನ ಅದೇ ಲೆಕ್ಕದಿಂದ ಪಾಠ ಆರಂಭಿಸಿ, ಅವಳಿಂದಲೇ ಕಪ್ಪುಹಲಗೆಯ ಮೇಲೆ ಮಾಡಿಸಿದೆ.

ಬೋಧನಾಂಶಗಳು
1. ಮಾಮೂಲಿ ಪೈಥಾನ್ ದಿನಾಂಕಕ್ಕೆ ಫೆಬ್ರವರಿ 30 ಕೊಟ್ಟರೆ ದೋಷ ತೋರಿಸಿ ನಿಲ್ಲುತ್ತದೆ. ನನ್ನ ತಪ್ಪಿಗೆ ಯಾವ ದೋಷವೂ ಬರಲಿಲ್ಲ. 53 ದಿನ ಸದ್ದಿಲ್ಲದೆ ಜಾರಿದವು. ಎಚ್ಚರ ಬೇಕಾದುದು ಇಲ್ಲಿ.
2. ಸಿಎಫ್‌ಟೈಮ್ ಗ್ರಂಥಾಲಯದಲ್ಲಿ ಪ್ರತಿ ಕ್ಯಾಲೆಂಡರಿಗೂ ಬೇರೆ ದಿನಾಂಕ ವಿಧವಿದೆ. ಎಕ್ಸ್‌ಅರೇ ಅದನ್ನು ಬಳಸಿಕೊಂಡೇ ಇಂಥ ಕಡತ ತೆರೆಯುತ್ತದೆ.
3. ಒಂದು ತಿಂಗಳು ಬೇಕಿದ್ದರೆ ‘1ರಿಂದ 31’ ಎನ್ನಬಾರದು. ವರ್ಷ ಮತ್ತು ತಿಂಗಳನ್ನಷ್ಟೇ ಕೊಡಬೇಕು. ಮುಂಗಾರು ಬೇಕಿದ್ದರೆ ತಿಂಗಳ ಸಂಖ್ಯೆ 6ರಿಂದ 9.
4. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ 122 ದಿನ, ಆ ಮಾದರಿಗೆ 120. ಆದ್ದರಿಂದ ಮಾದರಿಯ ಮಳೆಯನ್ನು ನಿಜವಾದ ಮಳೆಗೆ ಹೋಲಿಸುವಾಗ ಒಟ್ಟು ಮಳೆಗಿಂತ ದಿನದ ಸರಾಸರಿ ಮೇಲು.

ಮೌಲ್ಯಮಾಪನ
ಅದೇ ಆರಂಭದಿನದಿಂದ 3650ನೆಯ ಸಂಖ್ಯೆ ಯಾವ ದಿನಾಂಕ? (365 ದಿನಗಳ ಕ್ಯಾಲೆಂಡರಿನಲ್ಲಿ 2010ರ ಜನವರಿ 1, ನಮ್ಮದರಲ್ಲಿ 2009ರ ಡಿಸೆಂಬರ್ 29.)

ಸ್ವಾವಲೋಕನ
ಉತ್ತರ ತಪ್ಪೆನ್ನುವ ಮೊದಲು “ಹೇಗೆ ಬಂತು?” ಎಂದು ಕೇಳಬೇಕಿತ್ತು. ಮುಂದಿನ ಪಾಠಯೋಜನೆಯಲ್ಲಿ ಆ ಪ್ರಶ್ನೆಗೆಂದೇ ಎರಡು ನಿಮಿಷ ಇಟ್ಟಿದ್ದೇನೆ.